ಹೊಲಿಗೆಯಾಕೆಯ ಮಾತು

ಹೆಂಗಸರು ಅಡುಗೆಮನೆಯಲ್ಲಿ ಆಡಿಕೊಳ್ಳುವ ಕಾಯಿಲೆಯ ಮಾತುಗಳನ್ನು ಚರಿತ್ರೆ ಬರೆದಿಡುವುದು ಅಪರೂಪ. ಬಟ್ಟೆ ಹೊಲಿದು ಬದುಕುತ್ತಿದ್ದ ಅಮೆರಿಕದ ಹೆಂಗಸೊಬ್ಬಳ ಮಾತು ಮಾತ್ರ ಉಳಿದುಕೊಂಡಿತು. 1895ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರಿನಲ್ಲಿ ಆಕೆ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ತನ್ನ ಭಯ ಹೇಳಿಕೊಂಡಳು. ಮನೆತನದಲ್ಲಿ ಅನೇಕರು ಹೊಟ್ಟೆ, ಕರುಳು, ಗರ್ಭಕೋಶಗಳ ಕ್ಯಾನ್ಸರಿನಿಂದ ಸತ್ತಿದ್ದಾರೆ, ತನಗೂ ಅದೇ ಗತಿ ಎಂದಳು. ವಾರ್ಥಿನ್ ಅದನ್ನು ತಳ್ಳಿಹಾಕಲಿಲ್ಲ. ಆಕೆಯ ಬಂಧುಬಳಗದ ವಿವರ ಕೂಡಿಸಿ 1913ರಲ್ಲಿ ಪ್ರಕಟಿಸಿದರು. ಆಕೆ ಹೇಳಿದಂತೆಯೇ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಬಲಿಯಾದಳು.

ಆಮೇಲೆ ಈ ಮಾತನ್ನು ಮತ್ತೆ ಕೈಗೆತ್ತಿಕೊಂಡವರು ಡಾಕ್ಟರ್ ಹೆನ್ರಿ ಲಿಂಚ್. 1966ರಲ್ಲಿ ಅಂಥವೇ ಎರಡು ಕುಟುಂಬಗಳ ಕಥೆ ಪ್ರಕಟಿಸಿದರು. ಕ್ಯಾನ್ಸರ್ ವಂಶದಲ್ಲಿ ಬರಬಹುದೆಂದರೆ ಆಗ ನಂಬುವವರು ಕಡಿಮೆ. 1993-94ರಲ್ಲಿ ಕಾರಣವಾದ ಜೀನುಗಳು ಸಿಕ್ಕವು. ಹೊಲಿಗೆಯಾಕೆಯ ಕುಟುಂಬದ ದೋಷ ಯಾವ ಜೀನಿನದೆಂದು ಗೊತ್ತಾಗಲು 2000ನೇ ಇಸವಿ ಬರಬೇಕಾಯಿತು.

ನಮ್ಮ ಜೀವಕೋಶಗಳಲ್ಲಿ ನಾಲ್ಕು ಪ್ರೋಟೀನುಗಳು ತಪ್ಪಿದ ಹೊಲಿಗೆ ಬಿಚ್ಚಿ ಸರಿಪಡಿಸುವ ಕೆಲಸ ಮಾಡುತ್ತವೆ. ಡಿಎನ್‌ಎ ನಕಲಾಗುವಾಗ ಆದ ತಪ್ಪುಗಳನ್ನು ತಿದ್ದುತ್ತವೆ. ಈಗ ಗಡ್ಡೆಯ ತೆಳುವಾದ ಚೂರನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿದರೆ, ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಮೂಡುತ್ತದೆ, ಇಲ್ಲದಿದ್ದಲ್ಲಿ ಮೂಡುವುದಿಲ್ಲ. ಬಣ್ಣ ಕಾಣಲಿಲ್ಲವೆಂದ ಮಾತ್ರಕ್ಕೆ ದೋಷ ವಂಶದಿಂದಲೇ ಬಂದಿತೆನ್ನಲಾಗದು. ಎಷ್ಟೋ ಸಲ ಅದು ಆ ಗಡ್ಡೆಯಲ್ಲಿ ಮಾತ್ರ ಆದ ಬದಲಾವಣೆ. ಅದನ್ನು ತಿಳಿಯಲು ಬೇರೆ ಪರೀಕ್ಷೆಗಳಿವೆ.

ಪಿ53 ಎಂಬ ಇನ್ನೊಂದು ಪ್ರೋಟೀನಿನ ಬಣ್ಣ ಅತಿಯಾಗಿ ಕಂಡರೂ, ಪೂರಾ ಇಲ್ಲವಾದರೂ ರೋಗ ಉಗ್ರವಾಗಿರುವ ಸೂಚನೆ. ಹೀಗೆ ಒಂದೇ ಹೆಸರಿನ ಕ್ಯಾನ್ಸರಿನಲ್ಲೂ ಯಾರ ಮುಂದಿನ ದಾರಿ ಹೇಗೆಂದು ಅಂದಾಜು ಮಾಡಬಹುದು. 2023ರಲ್ಲಿ ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಹಂತ ನಿರ್ಣಯದಲ್ಲಿ ಇಂಥ ಗುರುತುಗಳಿಗೂ ಜಾಗ ಕೊಟ್ಟಿತು. ತಿದ್ದುವ ಪ್ರೋಟೀನು ಇಲ್ಲದ ಗಡ್ಡೆಗಳು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಹೊಸ ಔಷಧಿಗಳಿಗೆ ಹೆಚ್ಚಾಗಿ ಬಗ್ಗುತ್ತವೆ. ದೋಷ ವಂಶದ್ದೇ ಆಗಿದ್ದರೆ ಅಕ್ಕತಂಗಿಯರು, ಅಣ್ಣತಮ್ಮಂದಿರು, ಮಕ್ಕಳು ಮೊದಲೇ ಕರುಳಿನ ತಪಾಸಣೆ ಮಾಡಿಸಿಕೊಂಡು ಬದುಕಿಕೊಳ್ಳಬಹುದು.

ನಮ್ಮ ಮನೆಗಳಲ್ಲೋ, "ಚಿಕ್ಕಜ್ಜಿ ಹೊಟ್ಟೆನೋವಿನಲ್ಲಿ ಹೋದಳು" ಎಂದರೆ ಕಥೆ ಮುಗಿಯಿತು. ಯಾವ ನೋವು, ಎಷ್ಟು ವಯಸ್ಸು, ಯಾರೂ ಹೇಳುವುದಿಲ್ಲ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ ಬೇರೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೂ ನಾಚಿ ಮುಚ್ಚಿಡುವವರಿದ್ದಾರೆ. ಅಂಥ ರಕ್ತ ಒಂದು ತೊಟ್ಟಾದರೂ ಡಾಕ್ಟರಿಗೆ ತೋರಿಸಲೇಬೇಕು. ತೋರಿಸಿದಾಗ ಅವರು ಕೇಳುವ ಪ್ರಶ್ನೆಗಳಲ್ಲಿ "ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ?" ಎಂಬುದೂ ಒಂದು. ಅದಕ್ಕೆ ಉತ್ತರ ನಮ್ಮ ಅಜ್ಜಿ, ಅತ್ತೆ, ದೊಡ್ಡಮ್ಮಂದಿರಲ್ಲಿದೆ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.