ಬುಟ್ರೋಸ್ ಘಾಲಿ: ಹದಿನಾಲ್ಕು ಮತ ಪಡೆದೂ ಸೋತ ಪ್ರಧಾನ ಕಾರ್ಯದರ್ಶಿ

ವಿಶ್ವಸಂಸ್ಥೆಯ ಆರನೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಈಜಿಪ್ಟ್‌ನ ಬುಟ್ರೋಸ್ ಬುಟ್ರೋಸ್ ಘಾಲಿ (1922-2016) ಆ ಹುದ್ದೆಗೇರಿದ ಮೊದಲ ಆಫ್ರಿಕನ್ ಹಾಗೂ ಮೊದಲ ಅರಬ್ ರಾಜತಾಂತ್ರಿಕ. ಅಮೆರಿಕದ ವಿಟೋದಿಂದಾಗಿ ಒಂದೇ ಅವಧಿಗೆ ನಿರ್ಗಮಿಸಬೇಕಾಗಿ ಬಂದವರೂ ಅವರೇ.

ಮನೆತನ, ಶಿಕ್ಷಣ

1922ರ ನವೆಂಬರ್ 14ರಂದು ಕೈರೋದ ಪ್ರತಿಷ್ಠಿತ ಕಾಪ್ಟಿಕ್ ಕ್ರೈಸ್ತ ಮನೆತನದಲ್ಲಿ ಘಾಲಿ ಜನಿಸಿದರು. ಪ್ರಧಾನಿಯಾಗಿದ್ದ ಅವರ ತಾತ 1910ರಲ್ಲಿ ಹತ್ಯೆಗೀಡಾಗಿದ್ದರು. 1949ರಲ್ಲಿ ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದ ಘಾಲಿ, 1977ರವರೆಗೆ ಕೈರೋ ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ಕಾನೂನು ಬೋಧಿಸಿದರು.

ಜೆರುಸಲೇಮ್ ಯಾತ್ರೆ

1977ರ ನವೆಂಬರ್‌ನಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಶತ್ರುರಾಷ್ಟ್ರ ಇಸ್ರೇಲಿಗೆ ಹೊರಟು ನಿಂತಾಗ, ಅದನ್ನು ವಿರೋಧಿಸಿ ವಿದೇಶಾಂಗ ಸಚಿವ ಇಸ್ಮಾಯಿಲ್ ಫಾಹ್ಮಿ ರಾಜೀನಾಮೆಯಿತ್ತರು. ಆಗಷ್ಟೇ ಸಂಪುಟ ಸೇರಿದ್ದ ಘಾಲಿ ಸಾದತ್ ಜತೆ ಜೆರುಸಲೇಮಿಗೆ ತೆರಳಿದರು. 1978ರ ಕ್ಯಾಂಪ್ ಡೇವಿಡ್ ಮಾತುಕತೆಯಲ್ಲಿಯೂ ಅವರಿದ್ದರು. 1979ರ ಶಾಂತಿ ಒಪ್ಪಂದದ ಬಳಿಕ ಅರಬ್ ಲೀಗ್ ಈಜಿಪ್ಟನ್ನು ಹೊರಗಿಟ್ಟಿತು. ಅದೇ ವರ್ಷ ಹವಾನಾದ ಅಲಿಪ್ತ ಶೃಂಗಸಭೆಯಲ್ಲಿ ಈಜಿಪ್ಟ್ ಪರ ವಾದಿಸುವ ಹೊಣೆಯೂ ಘಾಲಿಯವರದಾಯಿತು. 1991ರವರೆಗೆ ಅವರು ವಿದೇಶಾಂಗ ರಾಜ್ಯ ಸಚಿವರಾಗಿಯೇ ಉಳಿದರು.

ಸೈನ್ಯವಿಲ್ಲದ ಸೇನಾನಿ

ಘಾಲಿ ಪ್ರಧಾನ ಕಾರ್ಯದರ್ಶಿಯಾದದ್ದು 1992ರ ಜನವರಿ 1ರಂದು. ಶೀತಲ ಸಮರ ಮುಗಿದಿತ್ತು. ವಿಶ್ವಸಂಸ್ಥೆಯ ಮೇಲೆ ನಿರೀಕ್ಷೆಗಳು ಬೆಟ್ಟದಷ್ಟಿದ್ದವು. ಅದೇ ವರ್ಷ ಅವರು ಮಂಡಿಸಿದ 'ಶಾಂತಿಗಾಗಿ ಕಾರ್ಯಸೂಚಿ' ವರದಿಯು ಸಂಘರ್ಷ ಸ್ಫೋಟಿಸುವ ಮುನ್ನವೇ ತಡೆಯುವ ಮಾರ್ಗಗಳನ್ನು ಸೂಚಿಸಿತು. ಆದರೆ ಸೈನಿಕರನ್ನೂ ಹಣವನ್ನೂ ಒದಗಿಸಬೇಕಾದವು ಸದಸ್ಯ ರಾಷ್ಟ್ರಗಳೇ.

1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ 18 ಅಮೆರಿಕನ್ ಯೋಧರು ಹತರಾದರು. ಅವರು ಅಮೆರಿಕದ ಅಧಿಕಾರಿಗಳ ಆಜ್ಞೆಯಂತೆಯೇ ಕಾರ್ಯಾಚರಣೆಗಿಳಿದಿದ್ದರೂ ಟೀಕೆ ವಿಶ್ವಸಂಸ್ಥೆಯತ್ತ ತಿರುಗಿತು. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆಯುತ್ತಿದ್ದಾಗಲೇ ಭದ್ರತಾ ಮಂಡಳಿಯು ಅಲ್ಲಿನ ಶಾಂತಿಪಾಲಕರ ಸಂಖ್ಯೆಯನ್ನು 270ಕ್ಕಿಳಿಸಲು ನಿರ್ಧರಿಸಿತು. 1995ರ ಜುಲೈನಲ್ಲಿ, ವಿಶ್ವಸಂಸ್ಥೆ 'ಸುರಕ್ಷಿತ ವಲಯ'ವೆಂದು ಸಾರಿದ್ದ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣ ಸರ್ಬ್ ಪಡೆಗಳ ವಶವಾಗಿ ಸುಮಾರು 8,000 ಮುಸ್ಲಿಂ ಪುರುಷರು, ಬಾಲಕರು ಕೊಲೆಯಾದರು. ಈ ವೈಫಲ್ಯಗಳಲ್ಲಿ ಘಾಲಿಯವರ ಪಾಲೂ ಇತ್ತೆಂಬ ಟೀಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಒಂದು ಮತ

ಬಾಕಿ ಚಂದಾ ಪಾವತಿಸುವಂತೆ ಘಾಲಿ ಪದೇ ಪದೇ ಒತ್ತಾಯಿಸುತ್ತಿದ್ದುದು ಅಮೆರಿಕಕ್ಕೆ ಹಿಡಿಸಲಿಲ್ಲ. ಬೋಸ್ನಿಯಾದಲ್ಲಿ ವಾಯುದಾಳಿಯ ಬಗ್ಗೆಯೂ ಭಿನ್ನಮತವಿತ್ತು. 1996 ಅಲ್ಲಿ ಅಧ್ಯಕ್ಷೀಯ ಚುನಾವಣೆಯ ವರ್ಷ; ವಿಶ್ವಸಂಸ್ಥೆಯನ್ನು ದೂರುವುದು ಪ್ರಚಾರದ ವಸ್ತುವಾಗಿತ್ತು. ನವೆಂಬರ್ 19ರ ಮತದಾನದಲ್ಲಿ ಭದ್ರತಾ ಮಂಡಳಿಯ 15 ಸದಸ್ಯರ ಪೈಕಿ 14 ಮಂದಿ ಘಾಲಿಯವರನ್ನು ಬೆಂಬಲಿಸಿದರು. ಅಮೆರಿಕದ ಒಂದೇ ವಿಟೋ ಅವರ ಎರಡನೆಯ ಅವಧಿಯನ್ನು ತಪ್ಪಿಸಿತು. ಘಾನಾದ ಕೋಫಿ ಅನ್ನಾನ್ ಉತ್ತರಾಧಿಕಾರಿಯಾದರು.

ನಂತರ ಘಾಲಿ 1997ರಿಂದ 2002ರವರೆಗೆ ಫ್ರೆಂಚ್ ಭಾಷಿಕ ರಾಷ್ಟ್ರಗಳ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾಗಿದ್ದರು. 2016ರ ಫೆಬ್ರವರಿ 16ರಂದು, 93ನೆಯ ವಯಸ್ಸಿನಲ್ಲಿ ನಿಧನರಾದರು. ಸುದ್ದಿ ತಲುಪಿದಾಗ ಸಭೆ ಸೇರಿದ್ದ ಭದ್ರತಾ ಮಂಡಳಿಯ ಹದಿನೈದೂ ಸದಸ್ಯರು ಎದ್ದು ನಿಂತು ಮೌನಾಚರಣೆ ಮಾಡಿದರು.