ತುಪ್ಪ, ಹರಳೆಣ್ಣೆಯಿಂದ ಗರ್ಭಕೋಶದ ಬಾಯಿ ಸಡಿಲವಾಗುತ್ತದೆಯೇ? ಹೆರಿಗೆಗೆ ಮುನ್ನ ನಿಜವಾಗಿ ನಡೆಯುವುದೇನು?

"ಒಂಬತ್ತನೇ ತಿಂಗಳಲ್ಲಿ ದಿನಾ ತುಪ್ಪ ತಿನ್ನಿ, ಕೊನೆಯ ವಾರ ಹರಳೆಣ್ಣೆ ಕುಡಿಯಿರಿ, ಮಗು ಸಲೀಸಾಗಿ ಜಾರಿ ಬರುತ್ತದೆ" ಎಂಬ ಸಲಹೆ ಮನೆಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಕೇಳಿಬರುತ್ತದೆ. ಇದು ನಿಜವೇ?

ಒಂದೇ ಮಾತಿನಲ್ಲಿ ಉತ್ತರ

ಇಲ್ಲ. ತಿಂದ ತುಪ್ಪ ಹೊಟ್ಟೆ, ಕರುಳಿಗೆ ಹೋಗಿ ಜೀರ್ಣವಾಗುತ್ತದೆ. ಅಲ್ಲಿಂದ ಗರ್ಭಕೋಶಕ್ಕೆ ದಾರಿಯೇ ಇಲ್ಲ. ಊಟದ ಜೊತೆ ಹಿತಮಿತವಾಗಿ ತಿಂದರೆ ತೊಂದರೆಯಿಲ್ಲ, ಆದರೆ ಅದು ಹೆರಿಗೆಯ ದಾರಿಗೆ ಜಾರುಎಣ್ಣೆಯಲ್ಲ. ಹರಳೆಣ್ಣೆಯಿಂದ ವಾಂತಿ, ಭೇದಿಯಾಗಿ ಮೈಯ ನೀರಿನಂಶ ಕಡಿಮೆಯಾಗಬಹುದು. ವೈದ್ಯರನ್ನು ಕೇಳದೆ ಕುಡಿಯಬೇಡಿ.

ಗರ್ಭಕೋಶದ ಬಾಯಿ ಎಂದರೇನು?

ಗರ್ಭಕೋಶದ ಕೆಳತುದಿಯ ಕೊರಳಿನಂಥ ಭಾಗವೇ ಸರ್ವಿಕ್ಸ್. ಬಸುರಿಯಲ್ಲಿ ಇದರ ಉದ್ದ ಸುಮಾರು 3ರಿಂದ 4 ಸೆಂ.ಮೀ. ಇದರಲ್ಲಿ ಸ್ನಾಯು ಕಡಿಮೆ, ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಮಗುವಿನ ಭಾರವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸುವುದು ಈ ನಾರೇ. ಒಳಗಿನ ದಾರಿಯನ್ನು ದಪ್ಪ ಲೋಳೆ ಮುಚ್ಚಿರುತ್ತದೆ. ಅದು ಸೋಂಕನ್ನೂ ತಡೆಯುತ್ತದೆ.

ಅದು ಮೆತ್ತಗಾಗುವುದು ಹೇಗೆ?

ಈ ಕೆಲಸ ನಿಧಾನವಾಗಿ, ಗರ್ಭದ ಮೊದಲ ತಿಂಗಳುಗಳಲ್ಲೇ ಶುರುವಾಗುತ್ತದೆ. ಮುಟ್ಟಿದರೆ ಮೊದಲು ಮೂಗಿನ ತುದಿಯಂತಿದ್ದದ್ದು ಆಮೇಲೆ ತುಟಿಯಂತಾಗುತ್ತದೆ ಎಂದು ವೈದ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ.

ದಿನ ತುಂಬುತ್ತಿದ್ದಂತೆ ಬದಲಾವಣೆ ಚುರುಕಾಗುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನಿನ ಹಿಡಿತ ತಗ್ಗುತ್ತದೆ, ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ. ಹೊಸೆದ ಹಗ್ಗ ಬಿಚ್ಚಿಕೊಂಡಂತೆ ಕೊಲಾಜೆನ್ ಎಳೆಗಳು ಸಡಿಲವಾಗುತ್ತವೆ. ನೀರು ಹಿಡಿದಿಡುವ ಹಯಲುರಾನನ್ ಎಂಬ ವಸ್ತು ಹೆಚ್ಚಿ, ಅಂಗಾಂಶ ಮೆತ್ತಗಾಗುತ್ತದೆ. ಬಳಿಕ ನೋವು ಬಂದಾಗ ಕೊರಳು ತೆಳುವಾಗಿ 10 ಸೆಂ.ಮೀ.ವರೆಗೆ ತೆರೆಯುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಮೊದಲು ತೆಳುವಾಗಿ ನಂತರ ತೆರೆಯುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ.

"ಬಾಯಿ ಇನ್ನೂ ತೆರೆದಿಲ್ಲ" ಎಂದರೆ?

ವೈದ್ಯರು ಐದು ಅಂಶ ನೋಡುತ್ತಾರೆ: ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ. ಅಮೆರಿಕದ ಪ್ರಸೂತಿ ತಜ್ಞ ಎಡ್ವರ್ಡ್ ಬಿಷಪ್ 1964ರಲ್ಲಿ ಕೊಟ್ಟ ಈ ಲೆಕ್ಕದಲ್ಲಿ ಗರಿಷ್ಠ 13 ಅಂಕ. ಅಂಕ ಕಡಿಮೆಯಿದ್ದು, ಹೆರಿಗೆ ಬೇಗ ಆಗಲೇಬೇಕಾದಾಗ ಆಸ್ಪತ್ರೆಯಲ್ಲಿ ಪ್ರೊಸ್ಟಗ್ಲಾಂಡಿನ್ ಜೆಲ್, ಮಾತ್ರೆ ಅಥವಾ ಸಣ್ಣ ಬಲೂನ್ ಬಳಸುತ್ತಾರೆ. ಈ ಮಾತ್ರೆಯನ್ನು ಅಂಗಡಿಯಿಂದ ತಂದು ಮನೆಯಲ್ಲಿ ನುಂಗುವುದು ಅಪಾಯ. ನೋವು ಅತಿಯಾಗಿ, ಗರ್ಭಕೋಶವೇ ಹರಿಯಬಹುದು. ಹಿಂದೆ ಸಿಸೇರಿಯನ್ ಆದವರಿಗೆ ಈ ಅಪಾಯ ಇನ್ನೂ ಹೆಚ್ಚು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

• 37 ವಾರಕ್ಕೆ ಮೊದಲೇ ಬಿಟ್ಟು ಬಿಟ್ಟು ಹೊಟ್ಟೆ ಅಥವಾ ಸೊಂಟ ನೋವು ಬಂದರೆ
• ನೀರು ಹೋದರೆ
• ರಕ್ತ ಹೋದರೆ
• ಮಗುವಿನ ಓಡಾಟ ಕಡಿಮೆಯಾದರೆ

ದಿನ ತುಂಬಿದಾಗ ರಕ್ತದ ಎಳೆಯಿರುವ ಲೋಳೆ ಹೋಗುವುದು ಸಹಜ, ಹೆರಿಗೆ ಹತ್ತಿರವಾಗಿದೆ ಎಂಬ ಸೂಚನೆ. ಆದರೆ ಮುಟ್ಟಿನಂತೆ ರಕ್ತ ಹೋದರೆ ಸಹಜವಲ್ಲ. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಜೊತೆಗಿಟ್ಟುಕೊಂಡು ಹೊರಡಿ.

ತೀರ್ಮಾನ

ಗರ್ಭಕೋಶದ ಬಾಯಿಯನ್ನು ತುಪ್ಪ ಸಡಿಲಿಸುವುದಿಲ್ಲ. ಆ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ಅದು ತಡವಾದರೆ ಬಸುರಿಯ ತಪ್ಪೂ ಅಲ್ಲ, ಅವಳು ತುಪ್ಪ ತಿನ್ನದ್ದರ ಫಲವೂ ಅಲ್ಲ. ಇಂಥ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ.