ಪೆಟ್ಟಿಗೆಯ ಮೇಲಿನ ಸಲಗ

ನಮ್ಮಜ್ಜಿಯ ಕುಂಕುಮದ ಪೆಟ್ಟಿಗೆ ಬೀಟೆ ಮರದ್ದು. 1960ರ ದಶಕದಲ್ಲಿ, ಮದುವೆಯಾದ ಹೊಸತರಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ತಾತ ಕೊಡಿಸಿದ್ದಂತೆ. ಮುಚ್ಚಳದ ಮೇಲೆ ಸೊಂಡಿಲೆತ್ತಿ ನಿಂತ ಕೆನೆ ಬಣ್ಣದ ಆನೆ. ಚಿಕ್ಕಂದಿನಲ್ಲಿ ಅದನ್ನು ಪ್ಲಾಸ್ಟಿಕ್ ಎಂದುಕೊಂಡಿದ್ದೆ. ಕಳೆದ ವರ್ಷ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರಿಗೆ ತೋರಿಸಿದಾಗ ಬೆರಳಿನಿಂದ ಒಮ್ಮೆ ಸವರಿ, "ಇದು ದಂತಾನೇ ಕಣಮ್ಮ. ಈಗ ನಾವು ಹಾಕೋದು ಪ್ಲಾಸ್ಟಿಕ್ಕು" ಎಂದರು.

ನನ್ನ ಪಿಎಚ್‌ಡಿ ಸ್ವಾತಂತ್ರ್ಯಾನಂತರದ ಮೈಸೂರಿನ ಕರಕುಶಲ ಕೆಲಸಗಳ ಮೇಲೆ. ಆನೆ ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ದಂತದ ಬೆನ್ನು ಹತ್ತಿದಾಗ, "ಇತಿಹಾಸದವಳಿಗೆ ಆನೆ ಲೆಕ್ಕ ಯಾಕಮ್ಮ?" ಎಂದು ನನ್ನ ಗೈಡ್ ನಕ್ಕರು. ವಿಷಯ ಇದ್ದದ್ದೇ ಆ ಲೆಕ್ಕದಲ್ಲಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅತಿ ಹೆಚ್ಚಿನ ರಕ್ಷಣೆ ಕೊಡುವ ಅದರ ಮೊದಲ ಪಟ್ಟಿಗೆ ಆನೆ ಸೇರಿದ್ದು 1977ರಲ್ಲಿ. ಭಾರತದ ಆನೆಯ ದಂತದ ವ್ಯಾಪಾರವನ್ನು 1986ರ ತಿದ್ದುಪಡಿ ನಿಷೇಧಿಸಿತು. ಆಫ್ರಿಕಾದಿಂದ ತರಿಸಿದ ದಂತಕ್ಕೆ ಮಾತ್ರ ಬಾಗಿಲು ತೆರೆದೇ ಇತ್ತು; ಅದು ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ. ಈ ಐದು ವರ್ಷದ ಸಂದು ಸಣ್ಣದಲ್ಲ. ಕೆತ್ತಿ ಮುಗಿಸಿದ ಕೃಷ್ಣನ ವಿಗ್ರಹ ಯಾವ ಖಂಡದ ಆನೆಯದ್ದೆಂದು ಅಂಗಡಿಯಲ್ಲಿ ನೋಡಿ ಹೇಳುವವರು ಯಾರು? ನಮ್ಮ ಕಾಡಿನಲ್ಲಿ ಬಿದ್ದ ಸಲಗದ ದಂತ ಆಫ್ರಿಕಾದ ಹೆಸರಿನಲ್ಲಿ ಮಾರಾಟವಾಗಬಹುದಿತ್ತು. ವ್ಯಾಪಾರಿಗಳು ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟ್ 1997ರಲ್ಲಿ ನಿಷೇಧವನ್ನೇ ಎತ್ತಿಹಿಡಿಯಿತು.

ಆಫ್ರಿಕಾದ ಆನೆಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡಕ್ಕೂ ದಂತವಿರುತ್ತದೆ. ಬೇಟೆಗಾರರು ನುಗ್ಗಿದಲ್ಲಿ ಹಿಂಡಿಗೆ ಹಿಂಡೇ ಕರಗಿ, ನಷ್ಟ ಕಣ್ಣಿಗೆ ಹೊಡೆಯುತ್ತದೆ. ನಮ್ಮಲ್ಲಿ ಹೊರಚಾಚಿದ ದಂತ ಗಂಡಿಗೆ ಮಾತ್ರ. ಕೆಲವು ಗಂಡುಗಳಿಗೆ ಅದೂ ಇಲ್ಲ, ಅವನ್ನು ಮಖ್ನಾ ಎನ್ನುತ್ತಾರೆ. ಹಾಗಾಗಿ ಇಲ್ಲಿ ಬಂದೂಕು ಸಲಗಗಳನ್ನೇ ಹೆಕ್ಕಿ ಹೆಕ್ಕಿ ಕೊಂದಿತು. ಹೆಣ್ಣಾನೆಗಳ ಹಿಂಡು ಕೆರೆಗೆ ಬಂದು ನೀರು ಕುಡಿಯುತ್ತಲೇ ಇತ್ತು, ನೋಡಿದವರಿಗೆ ಕಾಡು ತುಂಬಿದಂತೆಯೇ ಕಂಡಿತು. 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದ ರಾಮನ್ ಸುಕುಮಾರ್ ಅವರ ಅಂದಾಜಿನಂತೆ, 1977ರಿಂದ 1986ರವರೆಗೆ ದಕ್ಷಿಣ ಭಾರತದಲ್ಲಿ ದಂತಕ್ಕಾಗಿ ವರ್ಷಕ್ಕೆ ನೂರಕ್ಕೂ ಹೆಚ್ಚು ಸಲಗಗಳು ಸತ್ತವು. ಲೆಕ್ಕ ಶುರುವಾಗುವುದು ಆನೆ ರಕ್ಷಣೆಯ ಮೊದಲ ಪಟ್ಟಿ ಸೇರಿದ ವರ್ಷದಿಂದಲೇ.

ಕೇರಳದ ಪೆರಿಯಾರ್ ಕಾಡಿನ ಅಂಕಿಯನ್ನು ಎರಡು ಸಲ ಓದಿಕೊಂಡೆ, ಅಚ್ಚಿನ ತಪ್ಪಿರಬೇಕು ಅನ್ನಿಸಿತ್ತು. 1969ರಲ್ಲಿ ಅಲ್ಲಿ ಪ್ರಾಯದ ಒಂದು ಗಂಡಾನೆಗೆ ಸುಮಾರು 6 ಹೆಣ್ಣಾನೆಗಳಿದ್ದವು. 1980ರ ದಶಕದ ಕೊನೆಗೆ ಒಂದಕ್ಕೆ 122. ಹೆಣ್ಣಾನೆ ಬೆದೆಗೆ ಬರುವುದು ಕೆಲವೇ ದಿನ. ಆಗ ಗಂಡು ಸಿಗದಿದ್ದರೆ ಮತ್ತೆ ಮೂರು ನಾಲ್ಕು ತಿಂಗಳು ಕಾಯಬೇಕು. ಗರ್ಭ ನಿಂತರೂ 22 ತಿಂಗಳ ಬಸಿರು, ಮುಂದಿನ ಮರಿಗೆ ಇನ್ನೂ ನಾಲ್ಕೈದು ವರ್ಷ. ಪೆರಿಯಾರಿನಲ್ಲಿ ಮರಿಗಳು ಕಡಿಮೆಯಾದವು. ಹುಟ್ಟಿದ ಮರಿಗಳಿಗೂ ಉಳಿದ ಕೆಲವೇ ಗಂಡುಗಳು ತಂದೆ. ಪೆಟ್ಟು ಆನೆಗೆ ನಿಲ್ಲುವುದಿಲ್ಲ. ದಪ್ಪ ಬೀಜಗಳನ್ನು ನುಂಗಿ ಲದ್ದಿಯಲ್ಲಿ ದೂರ ದೂರ ಹಾಕುವ, ಬೇಸಿಗೆಯಲ್ಲಿ ಒಣಗಿದ ಹಳ್ಳದ ಮರಳು ತೋಡಿ ಮಿಕ್ಕ ಪ್ರಾಣಿಗಳಿಗೂ ನೀರು ಕಾಣಿಸುವ ಜೀವ ಅದು. ತಲೆ ಎಣಿಸುವ ಗಣತಿಯಲ್ಲಿ ಹುಟ್ಟದೇ ಹೋದ ಮರಿಗೆ ಕಾಲಂ ಇಲ್ಲ.

ವೀರಪ್ಪನ್ ಎಂದರೆ ನನ್ನ ಓರಗೆಯವರಿಗೆ ರಾಜ್‌ಕುಮಾರ್ ಅಪಹರಣ, 2000ದ ಆ 108 ದಿನ. ಆಗ ನನಗೆ ಮೂರು ವರ್ಷ. ಅವನು ದಂತಕ್ಕಾಗಿ ಆನೆ ಹೊಡೆಯುತ್ತ ಬೆಳೆದವನು, ಶ್ರೀಗಂಧ ಆಮೇಲಿನದು ಎಂದು ತಿಳಿದದ್ದು ತಡವಾಗಿ. ಅವನ ಬೆನ್ನು ಬಿದ್ದಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನ ಕೈಯಲ್ಲಿ ಸತ್ತದ್ದು 1991ರಲ್ಲಿ, ಆಫ್ರಿಕಾದ ಬಾಗಿಲು ಮುಚ್ಚಿದ ವರ್ಷವೇ. ಆದರೆ ಎಲ್ಲವನ್ನೂ ಅವನ ಹೆಸರಿಗೆ ಬರೆದು ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅವನೇನೂ ದಂತವನ್ನು ತನ್ನ ಮನೆಯ ಷೋಕೇಸಿನಲ್ಲಿ ಇಟ್ಟುಕೊಳ್ಳಲಿಲ್ಲ.

ಇಷ್ಟನ್ನೂ ಅಜ್ಜಿಗೆ ಹೇಳಿದೆ. "ಆಗ ಬಿಲ್ ಹಾಕಿಸಿಯೇ ತಂದಿದ್ದು ಕಣೇ" ಎಂದಳು. ನಿಜ, ಆಗ ಅದು ತಪ್ಪಾಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇದು ಯಾವ ಕಾಡಿಂದು?" ಎಂದು ಕೇಳಿದಳು. ಕಾಕನಕೋಟೆಯದಿರಬಹುದು, ಆಫ್ರಿಕಾದ್ದೂ ಇರಬಹುದು, ಈಗ ಹೇಳಲಾಗುವುದಿಲ್ಲ ಎಂದೆ. ಅಜ್ಜಿ ಮುಚ್ಚಳದ ಮೇಲಿನ ಆನೆಯನ್ನು ಹೆಬ್ಬೆರಳಿನಿಂದ ಒರೆಸಿ, ಕುಂಕುಮವನ್ನು ಸ್ಟೀಲಿನ ಡಬ್ಬಿಗೆ ಸುರಿದುಕೊಂಡಳು.